ಚಿತ್ರದ ಹಿಂದಿನ ಕುರ್ಚಿ

ಆ ಬೆಳಿಗ್ಗೆ ನಾನು ಮಗಳು ಗುಬ್ಬಿಯ ತಲೆ ಬಾಚುತ್ತಿದ್ದೆ. ಒಂದು ಜಡೆ ಮುಗಿದಿತ್ತು. ಇನ್ನೊಂದು ಬದಿಯ ಕೂದಲನ್ನು ಮೂರು ಎಳೆ ಮಾಡಿ ಬೆರಳುಗಳ ನಡುವೆ ಹಿಡಿದಿದ್ದೆ. ಒಲೆಯ ಮೇಲೆ ಹಾಲಿತ್ತು, ನೆಲ ಅರ್ಧ ಒರೆಸಿತ್ತು. "ಅಲ್ಲಾಡಬೇಡ ಕಣೇ, ಬೈತಲೆ ಸೊಟ್ಟ ಆಗುತ್ತೆ" ಎಂದು ಮೂರನೆಯ ಸಲ ಹೇಳುವುದಕ್ಕೂ ಕೀಲಿಯಕ್ಕ ಬಾಗಿಲಲ್ಲಿ ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಕೀಲಿಯಕ್ಕ ಎಂದರೆ ನಮ್ಮ ಬೀದಿಯ ಕೊನೆಯಲ್ಲಿರುವ ಚಿತ್ರಕಾರರ ಮನೆಯನ್ನು ನೋಡಿಕೊಳ್ಳುವವಳು. ಆ ದೊಡ್ಡ ಚಿತ್ರಕಾರರು ತೀರಿಕೊಂಡ ಮೇಲೆ ಅವರ ಮನೆಯನ್ನು ಅವರು ಬಿಟ್ಟುಹೋದ ಹಾಗೆಯೇ ಇಟ್ಟು, ದೂರದೂರದಿಂದ ಬರುವವರಿಗೆ ತೋರಿಸುತ್ತಾರೆ. ಹದಿನಾಲ್ಕು ವರ್ಷದಿಂದ ಅಲ್ಲಿಯ ಕೀಲಿಗೊಂಚಲು ಅವಳ ಸೊಂಟದಲ್ಲಿತ್ತು. ಗಂಡನಿಲ್ಲ. ಆ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ ಅವಳೂ ಅವಳ ಮಗಳೂ ಇದ್ದರು. ಮಗಳು ನಮ್ಮ ಗುಬ್ಬಿಯ ತರಗತಿಯವಳು. ಕೀಲಿಯಕ್ಕ ಎಲ್ಲಿಗೆ ಬಂದರೂ ಮೊದಲು ಕೀಲಿಗಳ ಸದ್ದು ಬರುತ್ತಿತ್ತು, ಹಿಂದಿನಿಂದ ಅವಳು. ಆ ದಿನ ಸದ್ದು ಬರಲಿಲ್ಲ.

"ಕೀಲಿ ಕಿತ್ಕೊಂಡ್ರು," ಎಂದಳು. "ಸಾಯಂಕಾಲದೊಳಗೆ ಕೋಣೆ ಖಾಲಿ ಮಾಡು ಅಂದ್ರು. ನಿಮ್ಮತ್ತೆ ಇದಾರಾ?"

ನಮ್ಮ ಅತ್ತೆ ನಲವತ್ತು ವರ್ಷ ರಫೂ ಕೆಲಸ ಮಾಡಿದವರು. ಹರಿದ ಬಟ್ಟೆಯ ನೂಲಿಗೆ ನೂಲು ಸೇರಿಸಿ, ಹರಿದಿತ್ತು ಎಂಬುದೇ ಗೊತ್ತಾಗದ ಹಾಗೆ ಮಾಡುವುದು ಅವರ ಕಸುಬು. ಹರಕು ಬಟ್ಟೆಗಳನ್ನು ನೋಡಿ ನೋಡಿ, ಯಾವುದು ಮೊಳೆಗೆ ಸಿಕ್ಕಿದ್ದು, ಯಾವುದು ಜಗಳದಲ್ಲಿ ಎಳೆದದ್ದು, ಯಾವುದನ್ನು ಬೇಕೆಂದೇ ಕತ್ತರಿಸಿ ಸುಳ್ಳು ಹೇಳಿದ್ದು ಎಂದು ಅವರಿಗೆ ತಿಳಿಯುತ್ತಿತ್ತು. ಬಟ್ಟೆಯಿಂದ ಶುರುವಾದದ್ದು ಕ್ರಮೇಣ ಬೇರೆ ವಿಷಯಗಳಿಗೂ ಹಬ್ಬಿ, ಬೀದಿಯಲ್ಲಿ ಏನು ಕಳೆದರೂ, ಯಾರ ಮೇಲೆ ಅಪವಾದ ಬಂದರೂ ಜನ ನಮ್ಮ ಮನೆಗೇ ಬರುತ್ತಿದ್ದರು. ಈಗ ಕಣ್ಣು ಮಂಜಾಗಿದೆ. ಸೂಜಿಗೆ ನೂಲು ಪೋಣಿಸಿಕೊಡುವುದು ಗುಬ್ಬಿಯ ಕೆಲಸ.

ಅತ್ತೆ ತಮ್ಮ ಕೋಣೆಯಿಂದ ಹೊರಬಂದು ಕೀಲಿಯಕ್ಕನ ಖಾಲಿ ಸೊಂಟ ನೋಡಿದರು. "ಮೊದಲು ಕೂತ್ಕೋ. ನೀರು ಕುಡಿ. ಆಮೇಲೆ ಮೊದಲಿಂದ ಹೇಳು."

ಅವಳು ಹೇಳಿದ್ದು ಇಷ್ಟು. ಆ ಮನೆಯ ಮಹಡಿಯ ಮೇಲೆ ಚಿತ್ರ ಬರೆಯುವ ಕೋಣೆಯಿದೆ. ಅಲ್ಲಿ, ಬರೆಯುವಾಗ ಚಿತ್ರದ ಬಟ್ಟೆಯನ್ನು ನಿಲ್ಲಿಸಿದ್ದ ಮರದ ಕಟ್ಟಿನ ಮೇಲೆಯೇ, 'ಕಿಟಕಿಯ ಹುಡುಗಿ' ನಿಂತಿದೆ. ಒಂಬತ್ತು ವರ್ಷದ ಹುಡುಗಿ, ಮೇಜಿನ ಅಂಚು ಹಿಡಿದು ಕುರ್ಚಿಯಲ್ಲಿ ಕೂತು, ಕಿಟಕಿಯ ಕಡೆ ನೋಡುತ್ತಿರುವ ಚಿತ್ರ. ಅದನ್ನು ನೋಡದವರಿಲ್ಲ, ಕ್ಯಾಲೆಂಡರಿನ ಮೇಲೆ, ನೋಟುಬುಕ್ಕಿನ ರಟ್ಟಿನ ಮೇಲೆ, ಎಲ್ಲೆಲ್ಲೂ ಅದೇ. ಬಿಸಿಲು ತಾಗಬಾರದೆಂದು ಸಂಜೆ ಐದಕ್ಕೆ ಅದಕ್ಕೊಂದು ಬಿಳಿ ಮುಸುಕು ಹಾಕುತ್ತಾರೆ, ಬೆಳಿಗ್ಗೆ ತೆಗೆಯುತ್ತಾರೆ. ಆ ಬೆಳಿಗ್ಗೆ ತೆಗೆದಾಗ ಹುಡುಗಿಯ ಮುಖವಿದ್ದ ಜಾಗದಲ್ಲಿ ಅಂಗೈಯಗಲದ ತೂತಿತ್ತು.

"ನಿನ್ನ ಮೇಲೇ ಯಾಕೆ?" ಎಂದು ಕೇಳಿದರು ಅತ್ತೆ.

"ರಾತ್ರಿ ಕೀಲಿ ನನ್ನ ಹತ್ರಾನೇ ಇರೋದು. ಅಲ್ಲದೆ ಮೊನ್ನೆ ಮೇಲ್ವಿಚಾರಕರು, ಬರೋ ತಿಂಗಳು ನನ್ನ ಕೋಣೆಗಳನ್ನ ಪೋಸ್ಟ್‌ಕಾರ್ಡ್ ಅಂಗಡಿ ಮಾಡ್ತೀವಿ ಅಂದಾಗ ನಾನು ಎಲ್ಲರೆದುರಿಗೆ ಬಾಯಿ ಮಾಡಿದ್ದೆ. ಅದೇ ಸಿಟ್ಟಿಗೆ ಕೊಯ್ದಿದ್ದೀಯ ಅಂತಾರೆ."

"ನಿನ್ನೆ ಮುಸುಕು ಹಾಕಿದ್ದು ನೀನೇನಾ? ಆಗ ಮುಖ ಇತ್ತಾ?"

"ಇತ್ತು," ಎಂದಳು, ಲೋಟದೊಳಗೆ ನೋಡುತ್ತ. "ನಾನೇ ಹಾಕಿದ್ದು. ನಾನಲ್ದೆ ಇನ್ಯಾರು ಹಾಕ್ತಾರೆ?"

ಅಷ್ಟರಲ್ಲಿ ಹಾಲು ಉಕ್ಕಿ ಒಲೆಯೆಲ್ಲ ಹರಿಯಿತು. ನಾನು ಅದನ್ನು ಒರೆಸಿ ಬರುವಷ್ಟರಲ್ಲಿ ಅತ್ತೆ ಚಪ್ಪಲಿ ಹಾಕಿಕೊಂಡಿದ್ದರು, ಗುಬ್ಬಿ ಒಂದೇ ಜಡೆಯಲ್ಲಿ ಅವರ ಕೈ ಹಿಡಿದು ನಿಂತಿದ್ದಳು. ಶಾಲೆಗೆ ರಜೆ. ಬೇಡ ಎನ್ನುವವಳಿದ್ದೆ, ಆದರೆ ಅವಳ ಮುಖ ನೋಡಿ ಸುಮ್ಮನಾದೆ.

ಕಾರಣವಿತ್ತು. ಹೋದ ತಿಂಗಳು ನಾನೇ ಅವಳನ್ನು ಆ ಮನೆ ನೋಡಲು ಕರೆದುಕೊಂಡು ಹೋಗಿದ್ದೆ. ಗೈಡ್ ಚಿತ್ರಕ್ಕೆ ಬೆನ್ನು ಮಾಡಿ ನಿಂತು, "ಹುಡುಗಿ ಕಿಟಕಿಯಾಚೆ ಹಾರುವ ಹಕ್ಕಿಗಳನ್ನ ನೋಡ್ತಿದ್ದಾಳೆ. ಆ ಕಣ್ಣುಗಳಲ್ಲಿ ಇಡೀ ಬಾಲ್ಯದ ಬೆರಗಿದೆ" ಎಂದು ಹೇಳಿದ್ದ. ಗುಬ್ಬಿ ಕೈ ಎತ್ತಿದ್ದಳು. "ಪ್ರಶ್ನೆ ಆಮೇಲೆ ಪುಟ್ಟಿ, ಟೈಮಿಲ್ಲ" ಎಂದು ಎಲ್ಲರನ್ನೂ ಇಳಿಸಿಕೊಂಡು ಹೋಗಿದ್ದ. ಅಂದಿನಿಂದ ಅವಳು ಆ ಪೋಸ್ಟ್‌ಕಾರ್ಡನ್ನು ಮುಖ ಕೆಳಗೆ ಮಾಡಿ ಪುಸ್ತಕದಡಿ ಇಟ್ಟಿದ್ದಳು. ಏನು ಕೇಳಬೇಕಿತ್ತೇ ಎಂದರೆ "ಏನಿಲ್ಲ" ಎನ್ನುತ್ತಿದ್ದಳು. ಬಟ್ಟೆ ಒಣಗಿಸುವಾಗ, ಪಾತ್ರೆ ತೊಳೆಯುವಾಗ ನಾನು ಮತ್ತೆ ಮತ್ತೆ ಕೇಳಿದ್ದೆ. ಅವಳು ಬಾಯಿ ತೆರೆದು, ಮತ್ತೆ ಮುಚ್ಚಿಕೊಳ್ಳುತ್ತಿದ್ದಳು.

ಚಿತ್ರಕಾರರ ಮನೆಯ ಗೇಟಿಗೆ 'ಇಂದು ಪ್ರವೇಶವಿಲ್ಲ' ಎಂದು ಕಾಗದ ಅಂಟಿಸಿದ್ದರು. ಎದುರಿನ ಕಲ್ಲುಬೆಂಚಿನ ಮೇಲೆ ಒಬ್ಬ ಹೆಂಗಸು ನೆಟ್ಟಗೆ ಕೂತಿದ್ದರು. ಐವತ್ತು ದಾಟಿದವರು. ತೊಡೆಯ ಮೇಲೆ ಕೈಚೀಲ, ಅದರ ಮೇಲೆ ಎರಡೂ ಕೈ. ಭುಜದ ಮೇಲೆ ಒಂದು ಹಳದಿ ಎಲೆ ಉದುರಿತ್ತು. ಒಳಗೆ ಬಿಡುತ್ತಾರೇನೋ ಎಂದು ಕಾದಿರುವ ದೂರದೂರಿನವರು ಎಂದುಕೊಂಡೆ.

ಮೇಲ್ವಿಚಾರಕರು ಬಾಗಿಲಲ್ಲೇ ಇದ್ದರು. ತೆಳ್ಳನೆಯ, ಸದಾ ಕೈ ಉಜ್ಜಿಕೊಳ್ಳುವ ಮನುಷ್ಯ. ಆ ಮನೆಯ ಪರದೆ, ದಿಂಬಿನ ಚೀಲಗಳನ್ನೆಲ್ಲ ಅತ್ತೆಯೇ ರಫೂ ಮಾಡಿಕೊಟ್ಟಿದ್ದರಿಂದ ಗುರುತಿತ್ತು.

"ನೀವು ಅವಳ ಪರ ಮಾತಾಡೋಕೆ ಬಂದಿದ್ರೆ ಪ್ರಯೋಜನ ಇಲ್ಲಮ್ಮ."

"ಆ ಮುಖದ ತುಂಡು ಸಿಕ್ತಾ?"

ಅವರು ಕೈ ಉಜ್ಜುವುದನ್ನು ನಿಲ್ಲಿಸಿದರು. "ಇಲ್ಲ. ಅವಳ ಟ್ರಂಕು, ಹಾಸಿಗೆ, ಅಕ್ಕಿ ಡಬ್ಬ ಎಲ್ಲ ಜಾಲಾಡಿಸಿದೆ. ಸೋಮವಾರ ನಮ್ಮ ಮಂಡಳಿಯವರು ಬರ್ತಾರೆ. ಅಷ್ಟರೊಳಗೆ ಆ ತುಂಡು ಸಿಗದಿದ್ರೆ ನಾನೂ ಮನೆಗೆ ಹೋಗೋದೇ."

"ಹಾಗಾದ್ರೆ ನನ್ನನ್ನ ಮೇಲೆ ಬಿಡಿ."

ಮೆಟ್ಟಿಲ ಕೆಳಗೆ ಕೀಲಿಯಕ್ಕನ ಮಗಳು ಕಟ್ಟಿದ ಟ್ರಂಕಿನ ಮೇಲೆ ಕೂತಿದ್ದಳು. ಗುಬ್ಬಿ ಹೋಗಿ ಅವಳ ಪಕ್ಕ ಕೂತಳು.

ಮೇಲಿನ ಕೋಣೆ ದೊಡ್ಡದು. ಕೋಣೆಯ ನಡುವೆ ಚಿತ್ರದ ಕಟ್ಟು, ಅದರ ಈಚೆ ಚಿತ್ರಕಾರರ ಎತ್ತರದ ಸ್ಟೂಲು, ಕುಂಚಗಳು, ಒಣಗಿದ ಬಣ್ಣದ ಹಲಗೆ. ಪ್ರತಿ ವಸ್ತುವಿನ ಸುತ್ತ ನೆಲದಲ್ಲಿ ಹಿತ್ತಾಳೆಯ ಪುಟ್ಟ ಮೊಳೆಗಳು. ಒರೆಸಿದ ಮೇಲೆ ಮತ್ತೆ ಅದೇ ಜಾಗದಲ್ಲಿ ಇಡಬೇಕು, ಕೂದಲೆಳೆಯಷ್ಟೂ ಆಚೀಚೆ ಆಗಬಾರದು ಎಂಬುದು ಆ ಮನೆಯ ನಿಯಮ. ಕಟ್ಟಿನ ಆಚೆ, ಚಿತ್ರದ ಹಿಂಬದಿಯಲ್ಲಿ, ಕಿಟಕಿಗೆ ತಾಗಿ ಒಂದು ಮರದ ಕುರ್ಚಿ. 'ಚಿತ್ರಕಾರರ ಓದುವ ಕುರ್ಚಿ' ಎಂದು ಅದಕ್ಕೆ ಚೀಟಿ.

ಮುಖವಿಲ್ಲದ ಹುಡುಗಿಯ ಮುಂದೆ ನಿಂತೆ. ಎರಡು ಜಡೆ, ಎರಡು ಭುಜ, ಮೇಜಿನ ಅಂಚನ್ನು ಹಿಡಿದ ಕೈಗಳು. ನಡುವೆ ತೂತು, ತೂತಿನಾಚೆ ಹಿಂದಿನ ಕಿಟಕಿಯ ಬೆಳಕು.

ಅತ್ತೆ ತಮ್ಮ ಭೂತಗನ್ನಡಿ ತೆಗೆದು ತೂತಿನ ಅಂಚಿಗೆ ಹಿಡಿದರು. ಮುಂದಿನಿಂದ ನೋಡಿದರು, ಹಿಂದೆ ಹೋಗಿ ನೋಡಿದರು, ಮತ್ತೆ ಮುಂದೆ ಬಂದರು. "ಕಣ್ಣು ಕೊಡು ಸ್ವಲ್ಪ," ಎಂದು ಭೂತಗನ್ನಡಿಯನ್ನು ನನ್ನ ಕೈಗಿಟ್ಟರು. "ನೂಲಿನ ತುದಿ ಯಾವ ಕಡೆ ಬಾಗಿದೆ?"

"ಈಚೆಗೆ. ನಮ್ಮ ಕಡೆಗೆ."

"ಬಣ್ಣ?"

"ಅಂಚಿನುದ್ದಕ್ಕೂ ಈಚೆಗೆ ಸಿಡಿದು ಉದುರಿದೆ."

"ಕತ್ತರಿಸಿದ ಗೆರೆ ನುಣ್ಣಗಿದೆಯಾ?"

"ಇಲ್ಲ. ಪುಟ್ಟ ಪುಟ್ಟ ಮೆಟ್ಟಿಲು ಇದ್ದ ಹಾಗಿದೆ."

"ಉಗುರು ಕತ್ತರಿಸೋ ಕತ್ತರಿ," ಎಂದರು ಅತ್ತೆ. "ಗಿಡ್ಡ ಬಾಯಿ. ಒಂದೊಂದು ಕಚ್ಚಿಗೂ ಒಂದೊಂದು ಮೆಟ್ಟಿಲು."

ಮುಸುಕಿನ ಬಟ್ಟೆ ಕೀಲಿಯಕ್ಕ ಬೆಳಿಗ್ಗೆ ಕೈಬಿಟ್ಟಲ್ಲೇ ನೆಲದ ಮೇಲೆ ಬಿದ್ದಿತ್ತು. ಅತ್ತೆ ಅದನ್ನು ಎತ್ತಿ ಎರಡೂ ಮೈ ತಡವಿದರು. ಒಂದು ಮೈ ಬೆಳ್ಳಗಿತ್ತು. ಇನ್ನೊಂದು ಮೈ ಎಷ್ಟೋ ದಿನಗಳ ದೂಳು ಕೂತು ಬೂದಿಬಣ್ಣಕ್ಕೆ ತಿರುಗಿತ್ತು. ಆ ಬೂದಿ ಮೈಯ ಮೇಲೆ ಸಾಸಿವೆಗಿಂತ ಚಿಕ್ಕ ಬಣ್ಣದ ಚೂರುಗಳು ಅಂಟಿದ್ದವು. ಕೆನ್ನೆಯ ಬಣ್ಣ.

ಬಾಗಿಲಲ್ಲಿ ಗೈಡ್ ಬಂದು ನಿಂತಿದ್ದ. ಅತ್ತೆ ಅವನನ್ನು ನೋಡಿದರು. "ದಿನಾ ಇದಕ್ಕೆ ಬೆನ್ನು ತೋರಿಸಿ ನಿಂತು ಮಾತಾಡ್ತೀಯಲ್ಲಪ್ಪ, ಯಾವತ್ತಾದ್ರೂ ತಿರುಗಿ ನೋಡಿದ್ದೀಯಾ?"

"ಬಾಯಿಪಾಠ ಆಗಿದೆ ಅಮ್ಮ. ತಿರುಗಿದ್ರೆ ಮರೆತುಹೋಗುತ್ತೆ."

"ನಿನ್ನೆ ಕೊನೆಯ ಗುಂಪನ್ನ ಎಷ್ಟು ಹೊತ್ತಿಗೆ ಇಳಿಸ್ಕೊಂಡು ಹೋದೆ?"

"ನಾಲ್ಕೂವರೆಗೆ. ಪೋಸ್ಟ್‌ಕಾರ್ಡ್ ತೋರಿಸ್ಬೇಕಲ್ಲ."

"ತಲೆ ಎಣಿಸಿದ್ಯಾ?"

ಅವನು ಕುತ್ತಿಗೆ ಕೆರೆದುಕೊಂಡ. ಎಣಿಸಿರಲಿಲ್ಲ.

ಅತ್ತೆ ನನ್ನನ್ನು ಕಿಟಕಿಯ ಬಳಿಯ ಕುರ್ಚಿಯಲ್ಲಿ ಕೂರಿಸಿದರು. ಕುರ್ಚಿ ತನ್ನ ಹಿತ್ತಾಳೆಯ ಮೊಳೆಗಳಿಂದ ಒಂದು ಗೇಣು ಚಿತ್ರದ ಕಡೆಗೆ ಸರಿದಿತ್ತು. ಮುಂಗಾಲುಗಳ ನಡುವೆ, ನೆಲಕ್ಕಿಂತ ಸಾಕಷ್ಟು ಮೇಲೆ, ಯಾರೋ ಆಮೇಲೆ ಹೊಡೆದ ಒಂದು ಅಡ್ಡಪಟ್ಟಿ. ಅದರ ಮೇಲೆ ಎರಡು ಸಣ್ಣ ತಗ್ಗು. ನನ್ನ ಕಾಲು ಅಲ್ಲಿಗೆ ಹೊಂದಲೇ ಇಲ್ಲ. ಅದು ಮಗುವಿನ ಹಿಮ್ಮಡಿ ದಿನದಿನವೂ ಒತ್ತಿ ಸವೆದ ಜಾಗ.

"ಏನು ಕಾಣುತ್ತೆ?"

"ಹಿತ್ತಲು. ದುಂಡಗಿನ ಸಿಮೆಂಟು ಚಪ್ಪಡಿ, ಅದರ ಮೇಲೆ ಹೂಕುಂಡಗಳು."

"ಅದು ನೀರಿನ ತೊಟ್ಟಿ ಇದ್ದ ಜಾಗ," ಎಂದ ಗೈಡ್. "ಹಿಂದೆ ಯಾವಾಗಲೋ ಮುಚ್ಚಿಸಿದ್ರಂತೆ."

"ಈಗ ಈಚೆ ಬಾ, ಈ ಸ್ಟೂಲಿನ ಮೇಲೆ ಕೂತು ನೋಡು."

ಕೂತೆ. ಅಲ್ಲಿಂದ ಅದೇ ಕಿಟಕಿಯಲ್ಲಿ ಬರೀ ಆಕಾಶ ಕಾಣುತ್ತಿತ್ತು.

ಹೊರಡುವ ಮುನ್ನ ಅತ್ತೆ ಚಿತ್ರದ ಹಿಂಬದಿಯ ಮೇಲಿನ ಮೂಲೆಯನ್ನು ನನ್ನಿಂದ ಓದಿಸಿದರು. ಚಿತ್ರಕಾರರ ಕೈಬರಹ: 'ಮುಗಿಯಿತು. ಜೂನ್ ಹದಿನೇಳು, ಸಂಜೆ.' ಕೆಳಗೆ ವರ್ಷ.

ಕೆಳಗಿಳಿದಾಗ ಗೋಡೆಯ ಮೇಲೆ ಆ ಮನೆಯವರ ಒಂದು ಫೋಟೋ ಇತ್ತು. ಗಂಡ, ಹೆಂಡತಿ, ಎರಡು ಜಡೆಯ ಮಗಳು, ಅವಳ ಸೊಂಟದ ಮೇಲೆ ನಾಲ್ಕು ವರ್ಷದ ತಮ್ಮ. ಅಡಿಯಲ್ಲಿ ಸಣ್ಣಕ್ಷರದಲ್ಲಿ, ಮಗ ಜ್ವರದಿಂದ ತೀರಿಕೊಂಡ ದಿನ. ಜೂನ್ ಹದಿನೇಳು. ಅದೇ ವರ್ಷ.

ನಾನು ಅತ್ತೆಯ ಮುಖ ನೋಡಿದೆ. ಅವರು ಬಾಗಿಲ ಪಕ್ಕದ ಮೇಜಿನ ಮೇಲಿದ್ದ ಅಭಿಪ್ರಾಯದ ಪುಸ್ತಕ ನನ್ನ ಕೈಗಿಟ್ಟರು. "ನಿನ್ನೆಯ ಕೊನೆಯ ಸಾಲು ಓದು."

ಮೇಲೆಲ್ಲ 'ಅದ್ಭುತ', 'ಮರೆಯಲಾಗದ ಅನುಭವ' ಎಂದಿತ್ತು. ಕೊನೆಯ ಸಾಲಿನ ಕೆಳಗೆ ಸಹಿಯಿರಲಿಲ್ಲ. 'ಅದು ಓದುವ ಕುರ್ಚಿ ಅಲ್ಲ.'

ಅತ್ತೆ ಪುಸ್ತಕ ಮುಚ್ಚಿಟ್ಟರು. ಅವರು ಎಷ್ಟೋ ಗಂಟು ಬಿಡಿಸಿದ್ದನ್ನು ನಾನು ನೋಡಿದ್ದೇನೆ. ಬಿಡಿಸಿದಾಗ ಅವರ ತುಟಿಯಲ್ಲೊಂದು ಸಣ್ಣ ನಗು ಬರುತ್ತಿತ್ತು. ಅವತ್ತು ಬರಲಿಲ್ಲ.

"ಬೆಂಚಿನ ಮೇಲೆ ಕೂತಿದ್ರಲ್ಲ, ಅವರು ಇನ್ನೂ ಇದಾರಾ ನೋಡು."

ಕಿಟಕಿಯಿಂದ ನೋಡಿದೆ. ನಾವು ಒಳಗೆ ಬಂದು ಎರಡು ಗಂಟೆಗೂ ಮೇಲಾಗಿತ್ತು. ಬಿಸಿಲು ಅವರ ಮುಖಕ್ಕೇ ಬಂದಿತ್ತು. ಹಾಗೆಯೇ ನೆಟ್ಟಗೆ, ಎರಡೂ ಕೈ ಕೈಚೀಲದ ಮೇಲೆ. ಭುಜದ ಮೇಲೆ ಹಳದಿ ಎಲೆ ಹಾಗೇ ಇತ್ತು.

"ಇದಾರೆ. ಒಂದು ಚೂರೂ ಅಲ್ಲಾಡಿಲ್ಲ."

"ಅಲ್ಲಾಡೋದಿಲ್ಲ," ಎಂದರು ಅತ್ತೆ. "ಹೋಗಿ ಕರ್ಕೊಂಡು ಬಾ. ನಿಮಗೇನೂ ಮಾಡಲ್ಲ, ಇನ್ನು ಏಳಬಹುದು ಅಂತ ಹೇಳು."

ನಾನು ಹಾಗೆಯೇ ಹೇಳಿದೆ. ಅವರು ನನ್ನನ್ನು ತುಂಬ ಹೊತ್ತು ನೋಡಿ, ಆಮೇಲೆ ಎದ್ದರು. ಎದ್ದಾಗ ಎಲೆ ಬಿತ್ತು.

ಎಲ್ಲರೂ ಮೇಲಿನ ಕೋಣೆಯಲ್ಲಿ ಸೇರಿದೆವು. ಮೇಲ್ವಿಚಾರಕರು, ಗೈಡ್, ಗೋಡೆಗೊರಗಿ ಕೀಲಿಯಕ್ಕ, ಅವಳ ಸೆರಗು ಹಿಡಿದು ಮಗಳು, ನನ್ನ ಮುಂದೆ ಗುಬ್ಬಿ. ಬೆಂಚಿನ ಹೆಂಗಸು ಬಾಗಿಲ ಬಳಿಯೇ ನಿಂತರು.

ಅತ್ತೆ ಮೊದಲು ಕೀಲಿಯಕ್ಕನ ಕಡೆ ತಿರುಗಿದರು. "ನೀನು ಒಂದು ಸುಳ್ಳು ಹೇಳಿದ್ದೀಯ. ಆ ಸುಳ್ಳೇ ನಿನ್ನ ಕುತ್ತಿಗೆಗೆ ಬಂದದ್ದು. ನಿನ್ನೆ ಮುಸುಕು ಹಾಕಿದ್ದು ನೀನಲ್ಲ."

ಅತ್ತೆ ಮುಸುಕಿನ ಬಟ್ಟೆ ಎತ್ತಿ ತೋರಿಸಿದರು.

"ಬಣ್ಣದ ಚೂರು ಬಟ್ಟೆಯ ದೂಳಿನ ಮೈಗೆ ಅಂಟಿದೆ. ಅಂದ್ರೆ ಯಾವಾಗಲೂ ಹೊರಗಿರೋ ಮೈ ನಿನ್ನೆ ಚಿತ್ರಕ್ಕೆ ತಾಗಿತ್ತು. ಮುಸುಕು ಉಲ್ಟಾ ಹಾಕಿದ್ರು. ಹದಿನಾಲ್ಕು ವರ್ಷ ಹಿತ್ತಾಳೆ ಮೊಳೆ ನೋಡ್ಕೊಂಡು ಸಾಮಾನು ಇಟ್ಟ ಕೈ, ನಿದ್ದೆಗಣ್ಣಲ್ಲೂ ಅದನ್ನ ಉಲ್ಟಾ ಹಾಕಲ್ಲ."

"ಐದಕ್ಕೆ ಬಂದೆ," ಎಂದಳು ಕೀಲಿಯಕ್ಕ, ನೆಲ ನೋಡುತ್ತ. "ಆಗಲೇ ಹಾಕಿತ್ತು. ಇವನು ಹಾಕಿದಾನೆ ಅಂದ್ಕೊಂಡೆ. ಬೆಳಿಗ್ಗೆ ಇವರು ಕೇಳ್ದಾಗ, ನಾನು ಹಾಕ್ಲಿಲ್ಲ ಅಂದ್ರೆ, ಒಂದು ಬಟ್ಟೆ ಹಾಕೋಕೂ ಆಗಲ್ವಾ, ನಿನಗ್ಯಾಕೆ ಕೋಣೆ ಅಂತಾರೆ ಅಂತ..."

"ಹಾಗಾಗಿ ಕೆಲಸ ನಡೆದದ್ದು ರಾತ್ರಿ ಅಲ್ಲ," ಎಂದರು ಅತ್ತೆ. "ಐದಕ್ಕೆ ಮೊದಲು. ನಾಲ್ಕೂವರೆಗೆ ಇವನು ಗುಂಪನ್ನ ಇಳಿಸಿದ. ಒಬ್ಬರು ಉಳ್ಕೊಂಡ್ರು. ನೂಲಿನ ತುದಿ, ಬಣ್ಣ ಎಲ್ಲ ಮುಂದಕ್ಕೆ ಸಿಡಿದಿದೆ. ಅಂದ್ರೆ ಕತ್ತರಿ ಹಿಂದಿನಿಂದ ಬಂತು. ಹಾಳು ಮಾಡೋಕೆ ಬಂದವರು ಮುಂದೆ ನಿಂತು ಮುಖ ನೋಡ್ಕೊಂಡು ಕೊಯ್ತಾರೆ. ಇವರು ಹಿಂದೆ, ಆ ಕುರ್ಚಿಯಲ್ಲಿ ಕೂತು ಕೊಯ್ದಿದಾರೆ. ಕುರ್ಚಿ ಮೊಳೆಯಿಂದ ಸರಿದಿದೆ. ಕೂತ ಮೇಲೆ ಕೈಗೆಟುಕೋ ಹಾಗೆ ಮುಂದೆ ಎಳ್ಕೊಂಡಿದಾರೆ."

"ಹಿಂದಿನಿಂದ ಬರೀ ಬಟ್ಟೆ ಅಲ್ವಾ?" ಎಂದರು ಮೇಲ್ವಿಚಾರಕರು. "ಮುಖ ಎಲ್ಲಿದೆ ಅಂತ ಹೇಗೆ ಗೊತ್ತಾಗುತ್ತೆ?"

"ನನಗೂ ಅದೊಂದು ಗೊತ್ತಾಗಲಿಲ್ಲ. ಉಳಿದದ್ದು ಆ ಅಡ್ಡಪಟ್ಟಿ ಹೇಳ್ತು. ನೀವು ಓದುವ ಕುರ್ಚಿ ಅಂತ ಚೀಟಿ ಅಂಟಿಸಿದ್ದೀರಿ. ಅಲ್ಲ ಅಂತ ನಿನ್ನೆ ಯಾರೋ ಪುಸ್ತಕದಲ್ಲಿ ಬರೆದಿದಾರೆ. ಅದು ಗೊತ್ತಿರೋದು ಅದರಲ್ಲಿ ಕೂತವರಿಗೆ ಮಾತ್ರ. ಹಾಗೆ ಕೂತು ಕೂತು, ಬಿಸಿಲು ಬಂದ್ರೂ ಎಲೆ ಬಿದ್ರೂ ಅಲ್ಲಾಡದೆ ಕೂರೋದು ಮೈಗೆ ಹತ್ತಿಹೋದವರಿಗೆ." ಅತ್ತೆ ಬಾಗಿಲ ಕಡೆ ನೋಡಲಿಲ್ಲ. "ಯಾಕೆ ಅನ್ನೋದನ್ನ ನಾನು ಹೇಳಲ್ಲ. ಅದು ನನ್ನ ನೂಲಲ್ಲ."

ಬಾಗಿಲ ಬಳಿ ನಿಂತವರು ನಿಧಾನವಾಗಿ ಬಂದು ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟರು.

"ಅವರು ಕುಂಚ ತಾಗಿಸಿದಾಗೆಲ್ಲ ಬಟ್ಟೆ ಹಿಂದಕ್ಕೆ ಉಬ್ಬುತ್ತಿತ್ತು," ಎಂದರು. ಧ್ವನಿ ಸಣ್ಣದು, ತುಟಿ ಕೂಡ ಹೆಚ್ಚು ಆಡುತ್ತಿರಲಿಲ್ಲ. "ಎರಡು ತಿಂಗಳು ಇಲ್ಲಿ ಕೂತು ಅದನ್ನೇ ನೋಡಿದೀನಿ. ಕಣ್ಣು ಎಲ್ಲಿ, ಬಾಯಿ ಎಲ್ಲಿ ಅಂತ ಈಗಲೂ ಗೊತ್ತು."

"ನೀವು ಅವರ ಮಗಳು," ಎಂದರು ಮೇಲ್ವಿಚಾರಕರು, ತಮಗೇ ಹೇಳಿಕೊಳ್ಳುವಂತೆ.

"ಅವತ್ತು ಅಮ್ಮ ಹೊರಗೆ ಹೋಗಿದ್ರು. ತಮ್ಮನ್ನ ನೋಡ್ಕೋಬೇಕಾದವಳು ನಾನು. ಬೆಳಕು ಚೆನ್ನಾಗಿದೆ ಬಾ ಅಂತ ಅಪ್ಪ ಕರೆದು ಕೂರಿಸಿದ್ರು. ಅವನು ಕೆಳಗೆ ಆಡ್ತಿದ್ದ. ತೊಟ್ಟಿ ಕಟ್ಟೆ ಹತ್ತಿದ. ನನಗೆ ಕಾಣ್ತಿತ್ತು, ಅಪ್ಪನಿಗೆ ಕಾಣ್ತಿರಲಿಲ್ಲ. ಅಪ್ಪಾ ಅಂದೆ. ಬಾಯಿ ಆಡಿಸಬೇಡ ಅಂದ್ರು. ಅವನು ಬಗ್ಗಿದ. ಇನ್ನೊಂದು ಸಲ ಅಪ್ಪಾ ಅಂದೆ. ಹಾಗೇ ಇರು, ಕಣ್ಣು ಈಗ ಸಿಕ್ತಾ ಇದೆ, ಅಲ್ಲಾಡಿದ್ರೆ ಹೋಗುತ್ತೆ ಅಂದ್ರು." ಅವರು ಕಿಟಕಿಯ ಕಡೆ ನೋಡಿದರು. "ನಾನು ಹಾಗೇ ಇದ್ದೆ. ಅವರು ಕಣ್ಣು ಮುಗಿಸಿದ್ರು."

ಗೈಡ್ ಗೋಡೆಯ ಕಡೆ ತಿರುಗಿ ನಿಂತಿದ್ದ. ನನಗೆ ಗುಬ್ಬಿಯ ಕಿವಿ ಮುಚ್ಚಬೇಕೆನಿಸಿತು. ಕೈ ಮೇಲೇಳಲಿಲ್ಲ.

"ಅಪ್ಪನಿಗೆ ಆಮೇಲೆ ಗೊತ್ತಾಯ್ತು," ಎಂದರು ಅವರು. "ಆ ಕಣ್ಣು ಏನು ನೋಡ್ತಿತ್ತು ಅಂತ. ತಮ್ಮ ಜ್ವರದಿಂದ ಹೋದ ಅಂತ ಎಲ್ಲರಿಗೂ ಹೇಳಿ ತೊಟ್ಟಿ ಮುಚ್ಚಿಸಿದ್ರು. ಗೊತ್ತಾದ ಮೇಲೂ ಚಿತ್ರ ಅಳಿಸಲಿಲ್ಲ. ಅದಕ್ಕೇ ಹೆಸರು ಬಂತು. ನಾನು ಈ ಊರು ಬಿಟ್ಟ ಮೇಲೆ ಮತ್ತೆ ಬಂದೇ ಇರಲಿಲ್ಲ. ನಿನ್ನೆ ಒಂದು ಸಲ ನೋಡಿ ಹೋಗೋಣ ಅಂತ ಬಂದೆ. ಹಕ್ಕಿ ನೋಡ್ತಿದ್ದಾಳೆ ಅಂದ್ರು ಈ ಗೈಡ್. ಜನ ಎಲ್ಲ ಆಹಾ ಅಂದ್ರು. ಬೆಳಿಗ್ಗೆ ಬಸ್ಸು ಹತ್ತಬೇಕು ಅಂತ ಹೊರಟೆ. ಈ ತಾಯಿ ಮಗಳನ್ನ ಹೊರಗೆ ಹಾಕ್ತಾರಂತೆ ಅಂತ ಗೇಟಿನ ಹತ್ರ ಯಾರೋ ಮಾತಾಡ್ಕೊಳ್ತಿದ್ರು. ಒಳಗೆ ಬಂದು ಹೇಳ್ಬೇಕು ಅಂತ ಬೆಂಚಿನ ಮೇಲೆ ಕೂತೆ. ಏಳೋಕೆ ಆಗಲಿಲ್ಲ."

ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಮೇಲ್ವಿಚಾರಕರು ಕೆಟ್ಟವರಲ್ಲ. ಅವರ ಕಣ್ಣೂ ತುಂಬಿತ್ತು. ಆದರೆ ಕಣ್ಣೊರೆಸಿಕೊಂಡು ಅವರು ಹೇಳಿದ ಮಾತು ಬೇರೆ.

"ಇದು ಈ ಕೋಣೆಯಿಂದ ಹೊರಗೆ ಹೋಗಬಾರದು. ಹೋದ್ರೆ ಈ ಮನೆ ಉಳಿಯಲ್ಲ. ಈ ಚಿತ್ರ ನೋಡೋಕೇ ಜನ ಬರೋದು. ಮನೆ ಮುಚ್ಚಿದ್ರೆ ನಾನೂ ಇಲ್ಲ, ಇವನೂ ಇಲ್ಲ, ಹಿಂದಿನ ಕೋಣೆಗಳೂ ಇಲ್ಲ." ಅವರು ಕೀಲಿಯಕ್ಕನನ್ನು ನೋಡಿದರು. "ತುಂಡು ವಾಪಸ್ ಬಂದು, ಸೋಮವಾರದೊಳಗೆ ಚಿತ್ರ ಮೊದಲಿನ ಹಾಗಾದ್ರೆ, ಏನೂ ನಡೆದೇ ಇಲ್ಲ ಅಂದ್ಕೊಳ್ಳೋಣ. ನೀನು ಎಲ್ಲೂ ಹೋಗಬೇಕಾಗಿಲ್ಲ. ಕೋಣೆ ನಿನ್ನದೇ. ಬರೆದು ಕೊಡ್ತೀನಿ." ಆಮೇಲೆ ಅತ್ತೆಯ ಕಡೆ ತಿರುಗಿದರು. "ಹೊರಗಿನವರನ್ನ ಕರೆಸಿದ್ರೆ ಸುದ್ದಿಯಾಗುತ್ತೆ. ನಿಮ್ಮ ಕೈಯಲ್ಲಿ ಆಗುತ್ತಾ ಅಮ್ಮ?"

ಅತ್ತೆ ಕೀಲಿಯಕ್ಕನ ಕಡೆ ನೋಡಿದರು. ಮಗಳ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ನಿಂತಿದ್ದಳು. ಅವಳು ಅತ್ತೆಯನ್ನಾಗಲಿ, ಕುರ್ಚಿಯ ಬಳಿ ನಿಂತವರನ್ನಾಗಲಿ ನೋಡಲಿಲ್ಲ. ನೋಡಿದ್ದರೆ ಏನನ್ನು ಬೇಡಿದ ಹಾಗಾಗುತ್ತಿತ್ತು ಎಂದು ಅವಳಿಗೆ ಗೊತ್ತಿತ್ತು.

ಚಿತ್ರಕಾರರ ಮಗಳೇ ಕೈಚೀಲ ತೆರೆದರು. ಕರವಸ್ತ್ರ ಬಿಚ್ಚಿದರು. ಒಳಗೆ ಆ ಮುಖವಿತ್ತು, ಅಂಗೈಯಗಲ, ಜಗತ್ತೆಲ್ಲ ಮೆಚ್ಚಿದ ಕಣ್ಣುಗಳ ಸಮೇತ. ಅಷ್ಟು ಹತ್ತಿರದಿಂದ ನೋಡಿದಾಗ ಅದು ಬೆರಗಾಗಿರಲಿಲ್ಲ ಎಂದು ಯಾರಿಗಾದರೂ ತಿಳಿಯುತ್ತಿತ್ತು. ನಾನು ಮನೆಗೆ ತಂದಿದ್ದ ಪೋಸ್ಟ್‌ಕಾರ್ಡಿನಲ್ಲೂ ಅದೇ ಇತ್ತು. ನನಗೆ ಕಂಡಿರಲಿಲ್ಲ.

"ತಗೊಳ್ಳಿ," ಎಂದರು. "ನನ್ನಿಂದ ಇನ್ನೊಂದು ಮಗು ಮನೆ ಕಳ್ಕೊಳ್ಳೋದು ಬೇಡ."

"ಆಗುತ್ತೆ," ಎಂದರು ಅತ್ತೆ ಆಗ. ಅವರ ದನಿ ಅಷ್ಟು ಮುದಿಯಾದದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. "ಹಿಂದಿನಿಂದ ನೂಲಿಗೆ ನೂಲು ಸೇರಿಸಿದ್ರೆ ಕೂರುತ್ತೆ. ಮುಂದೆ ಬಣ್ಣ ಉದುರಿದ ಕಡೆ ಸ್ವಲ್ಪ ತೇಪೆ ಹಚ್ಚಿದ್ರೆ ಯಾರಿಗೂ ಗೊತ್ತಾಗಲ್ಲ."

ಅವರು ಆ ಕುರ್ಚಿಯಲ್ಲಿ ಕೂರಲಿಲ್ಲ. ಅದನ್ನು ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಕೂತು, ಚೀಲದಿಂದ ಸೂಜಿಡಬ್ಬಿ ತೆಗೆದರು. ತೂತಿನ ಅಂಚಿನ ನೂಲಿಗೆ ಹೊಂದುವ ಕಂದು ನೂಲನ್ನು ಬೆಳಕಿಗೆ ಹಿಡಿದು ಆರಿಸಿದರು. ಎಂದಿನಂತೆ ತಿರುಗಿ ನೋಡದೆಯೇ ಸೂಜಿಯನ್ನೂ ನೂಲನ್ನೂ ಗುಬ್ಬಿಯ ಕಡೆ ಚಾಚಿದರು.

ಗುಬ್ಬಿ ನನ್ನ ಬಳಿಯಿಂದ ಹೋಗಿ ಅವೆರಡನ್ನೂ ತೆಗೆದುಕೊಂಡಳು. ಜಡೆ ಹಾಕದ ಬದಿಯ ಕೂದಲು ಅವಳ ಮುಖದ ಮೇಲೆ ಬಿದ್ದಿತ್ತು. ನೂಲಿನ ತುದಿಯನ್ನು ತುಟಿಗೆ ತಾಗಿಸಿ ಒದ್ದೆ ಮಾಡಿದಳು. ಸೂಜಿಯನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಳು. ಹಾಗೇ ನಿಂತಳು.

"ಪೋಣಿಸು ಕಂದ," ಎಂದರು ಅತ್ತೆ.

ಅವಳು ಪೋಣಿಸಲಿಲ್ಲ. ಕರವಸ್ತ್ರದ ಮೇಲಿನ ಮುಖವನ್ನು ನೋಡಿದಳು, ಮುಖವಿಲ್ಲದೆ ಮೇಜು ಹಿಡಿದು ಕೂತವಳನ್ನು ನೋಡಿದಳು, ಆಮೇಲೆ ಒಬ್ಬೊಬ್ಬರಾಗಿ ನಮ್ಮೆಲ್ಲರನ್ನೂ ನೋಡಿದಳು. ಹೋದ ತಿಂಗಳಿಂದ ಬಾಯಿ ತನಕ ಬಂದು ಹಿಂದೆ ಹೋಗುತ್ತಿದ್ದ ಮಾತು ಕೊನೆಗೂ ಹೊರಗೆ ಬಂತು.

"ಮತ್ತೆ ಅಲ್ಲೇ ಕೂರಿಸಿದ್ರೆ, ಅವಳು ಏಳೋದು ಯಾವಾಗ?"